ನ್ಯಾಸ್ ಡ್ರೈವ್ ಕಾಣಿಸ್ತಿಲ್ವಾ? ರೀಸೆಟ್ ಬಟನ್‌ಗೆ ಕೈ ಹಾಕಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಫೋಟೋಗಳನ್ನೆಲ್ಲ ರೌಟರ್‌ಗೆ ಜೋಡಿಸಿದ ನ್ಯಾಸ್ ಡ್ರೈವ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಡಬ್ಬಿ) ಇಡುತ್ತೇವೆ. ಕಳೆದ ವಾರ ಕರೆಂಟ್ ಹೋಗಿ ಬಂದಮೇಲೆ ಯಾವ ಕಂಪ್ಯೂಟರ್‌ಗೂ ಅದು ಸಿಗುತ್ತಿಲ್ಲ. ದೀಪವೇನೋ ಉರಿಯುತ್ತಿದೆ. ರಿಪೇರಿಯವರು ರೀಸೆಟ್ ಮಾಡಿ, ಆಗದಿದ್ದರೆ ಡಿಸ್ಕ್ ತೆಗೆದು ಕಂಪ್ಯೂಟರ್‌ಗೆ ಹಾಕಿ ನೋಡೋಣ ಅನ್ನುತ್ತಾರೆ. ಮಾಡಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಎರಡೂ ಬೇಡ. ರೀಸೆಟ್ ಬಟನ್ ಒತ್ತಿದರೆ ಏನೇನು ಅಳಿಯುತ್ತದೆ ಅನ್ನೋದು ಒಂದೊಂದು ಕಂಪನಿಯ ಡ್ರೈವ್‌ನಲ್ಲಿ ಒಂದೊಂದು ಥರ. ಇನ್ನು ಡಿಸ್ಕ್ ಹೊರಗೆ ತೆಗೆಯೋದು ಅದಕ್ಕಿಂತ ಅಪಾಯ. ಮನೆ, ಆಫೀಸುಗಳ ನ್ಯಾಸ್‌ಗಳು ಹೆಚ್ಚಾಗಿ ಲಿನಕ್ಸ್ ಮೇಲೆ ಓಡುತ್ತವೆ, ಅವುಗಳ ಡಿಸ್ಕ್ ಬರವಣಿಗೆ ವಿಂಡೋಸ್‌ಗೆ ಓದಲು ಬರುವುದಿಲ್ಲ, ಹಾಗಾಗಿ ಡಿಸ್ಕ್ ಹಾಕಿದ ಕೂಡಲೇ 'ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳುತ್ತದೆ. ಯಾರಾದರೂ ಗಡಿಬಿಡಿಯಲ್ಲಿ ಹೂಂ ಅಂದುಬಿಟ್ಟರೆ ಚೆನ್ನಾಗಿದ್ದ ಫೋಟೋಗಳು ಹೋದವು. ಅದು ಬೇರೆಯವರ ಮದುವೆ ಫೋಟೋ, ಮತ್ತೆ ತೆಗೆಯೋಕಾಗಲ್ಲ ಅಲ್ವಾ?

ನೀವು ಹೇಳಿದ್ದನ್ನು ನೋಡಿದರೆ ಡಿಸ್ಕ್ ಕೆಟ್ಟಿರುವುದಕ್ಕಿಂತ ವಿಳಾಸ ಬದಲಾಗಿರುವ ಸಾಧ್ಯತೆಯೇ ಜಾಸ್ತಿ. ರೌಟರ್ ತನಗೆ ಜೋಡಿಸಿದ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಕರೆಂಟ್ ಹೋಗಿ ಬಂದಮೇಲೆ ಅದೇ ವಿಳಾಸ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. ನಿಮ್ಮ ಕಂಪ್ಯೂಟರ್‌ನ ಶಾರ್ಟ್‌ಕಟ್ ಹಳೇ ವಿಳಾಸವನ್ನೇ ಹಿಡಿದುಕೊಂಡಿದ್ದರೆ ಎಷ್ಟು ಸಲ ಒತ್ತಿದರೂ ತೆರೆಯಲ್ಲ.

ಮೊದಲು ಡ್ರೈವ್ ಹಿಂದೆ ಕೇಬಲ್ ಹೋಗುವ ಜಾಗದ ಪುಟ್ಟ ದೀಪ ನೋಡಿ. ಅದು ಉರಿಯದಿದ್ದರೆ ಬೇರೆ ಕೇಬಲ್ ಹಾಕಿ, ರೌಟರ್‌ನ ಬೇರೆ ಪೋರ್ಟ್‌ಗೆ ಚುಚ್ಚಿ. ಉರಿಯುತ್ತಿದ್ದರೆ ಬ್ರೌಸರ್‌ನಲ್ಲಿ ರೌಟರ್ ಪುಟ ತೆರೆಯಿರಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ರೌಟರ್ ಕೆಳಗಿನ ಚೀಟಿಯಲ್ಲೂ ಬರೆದಿರುತ್ತದೆ. ಅಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿ ಇರುತ್ತದೆ. ಹೆಸರು ಗೊತ್ತಾಗದಿದ್ದರೆ ಡ್ರೈವ್ ಮೇಲೆ ಅಂಟಿಸಿರುವ ಮ್ಯಾಕ್ ವಿಳಾಸದ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಜೊತೆ ತಾಳೆ ನೋಡಿ. ಪಟ್ಟಿಯಲ್ಲಿ ನ್ಯಾಸ್‌ನ ಐಪಿ ವಿಳಾಸ 192.168.1.20 ಅಂತ ಇಟ್ಟುಕೊಳ್ಳಿ. ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಡಬ್ಬಿಯಲ್ಲಿ \\192.168.1.20 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಫೋಲ್ಡರ್‌ಗಳು ಕಂಡರೆ ಅರ್ಧ ಕೆಲಸ ಮುಗಿಯಿತು. ಹೊಸ ವಿಳಾಸಕ್ಕೆ ಶಾರ್ಟ್‌ಕಟ್ ಮಾಡಿ, ಆಮೇಲೆ ರೌಟರ್‌ನಲ್ಲಿ 'ಅಡ್ರೆಸ್ ರಿಸರ್ವೇಶನ್' ಅನ್ನೋ ಕಡೆ ಹೋಗಿ ಆ ವಿಳಾಸವನ್ನು ನ್ಯಾಸ್‌ಗೇ ಕಾಯಂ ಮಾಡಿ. ಇದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪಾಡು.

ಪಟ್ಟಿಯಲ್ಲೇ ಇಲ್ಲವಾ? ರೌಟರ್ ಎದ್ದು ಸಿದ್ಧವಾಗುವ ಮುಂಚೆಯೇ ನ್ಯಾಸ್ ವಿಳಾಸ ಕೇಳಿರಬಹುದು. ಹಾಗೆ ಸಿಗದಿದ್ದಾಗ ಕೆಲವು ಸಾಧನಗಳು 169.254 ಇಂದ ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ, ಅದು ನಿಮ್ಮ ಉಳಿದ ಕಂಪ್ಯೂಟರ್‌ಗಳಿಗೆ ಸಿಗಲ್ಲ. ನ್ಯಾಸ್ ಅನ್ನು ಅದರ ಪವರ್ ಬಟನ್‌ನಿಂದಲೇ ಆಫ್ ಮಾಡಿ, ಪ್ಲಗ್ ಕೀಳಬೇಡಿ. ರೌಟರ್ ಆಫ್ ಮಾಡಿ ಆನ್ ಮಾಡಿ, ವೈಫೈ ಬರುವ ತನಕ ಕಾಯಿರಿ, ಆಮೇಲೆ ನ್ಯಾಸ್ ಆನ್ ಮಾಡಿ. ಇನ್ನೊಂದು: ಇಂಟರ್ನೆಟ್‌ನವರು ಕೊಟ್ಟ ಡಬ್ಬಿ ಒಂದು, ನೀವು ಕೊಂಡ ರೌಟರ್ ಇನ್ನೊಂದು ಇದ್ದು, ಕಂಪ್ಯೂಟರ್ ಒಂದಕ್ಕೆ, ನ್ಯಾಸ್ ಇನ್ನೊಂದಕ್ಕೆ ಸೇರಿಕೊಂಡಿದ್ದರೂ ಒಂದಕ್ಕೊಂದು ಕಾಣಿಸದಿರಬಹುದು. ಗೆಸ್ಟ್ ವೈಫೈನಲ್ಲಿದ್ದರೂ ಅಷ್ಟೇ.

ಮತ್ತೆ ದಯವಿಟ್ಟು ಒಂದು ಸಣ್ಣ ಯುಪಿಎಸ್ ತಗೊಳ್ಳಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಡಿಸ್ಕ್‌ನಲ್ಲಿರೋದು ನಿಜವಾಗಿಯೂ ಹಾಳಾಗುವ ಸಾಧ್ಯತೆ ಇದೆ.

ಪ್ರಶ್ನೆ: ಹಳೇ ವಿಂಡೋಸ್ 7 ಕಂಪ್ಯೂಟರ್‌ನಲ್ಲಿ ನ್ಯಾಸ್ ಚೆನ್ನಾಗಿ ತೆರೆಯುತ್ತದೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಮಾತ್ರ ಸಿಗಲ್ಲ. ಲ್ಯಾಪ್‌ಟಾಪೇ ಸರಿಯಿಲ್ಲವಾ?
– ಓದುಗರು, ಹಾಸನ

ಉತ್ತರ: ಲ್ಯಾಪ್‌ಟಾಪ್ ಸರಿಯಾಗೇ ಇದೆ. ನಿಮ್ಮ ನ್ಯಾಸ್, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ1 ಅನ್ನೋ ತುಂಬಾ ಹಳೇ ಪದ್ಧತಿಯಲ್ಲೇ ಮಾತಾಡುತ್ತಿರಬೇಕು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಲೋಕವೆಲ್ಲ ಹರಡಿದ್ದು ಇದೇ ಪದ್ಧತಿಯ ದೋಷದಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕುವುದನ್ನು ನಿಲ್ಲಿಸಿತು. ವಿಂಡೋಸ್‌ನಲ್ಲಿ ಅದನ್ನು ಮತ್ತೆ ಆನ್ ಮಾಡಿ ಅಂತ ಸುಮಾರು ಜನ ಸಲಹೆ ಕೊಡುತ್ತಾರೆ, ನಾನು ಕೊಡಲ್ಲ. ನ್ಯಾಸ್‌ನ ಸೆಟ್ಟಿಂಗ್ ಪುಟದಲ್ಲಿ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಎಸ್‌ಎಂಬಿ2 ಅಥವಾ 3 ಇದ್ದರೆ ಆರಿಸಿಕೊಳ್ಳಿ. ಎರಡೂ ಇಲ್ಲದಷ್ಟು ಹಳೇದಾದರೆ ಆ ಹಳೇ ಕಂಪ್ಯೂಟರ್‌ನಿಂದಲೇ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡು ಆ ನ್ಯಾಸ್‌ಗೆ ವಿದಾಯ ಹೇಳಿ.

ವಿಂಡೋಸ್ 11 ಪ್ರೊ, ಅದರಲ್ಲೂ 24ಎಚ್2 ಆವೃತ್ತಿ ಇದ್ದರೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಫೋಲ್ಡರ್‌ಗಳನ್ನೂ ತೆರೆಯಲ್ಲ. ನ್ಯಾಸ್‌ನಲ್ಲಿ ಒಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿ. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿದಾಗ ಅದನ್ನೇ ಹಾಕಬೇಕು, ನೀವು ದಿನಾ ಲ್ಯಾಪ್‌ಟಾಪ್ ತೆರೆಯುವ ಪಿನ್ ಅಲ್ಲಿ ನಡೆಯಲ್ಲ.

ಪ್ರಶ್ನೆ: ಕಂಪ್ಯೂಟರ್‌ಗೆ ಸಿಗುವ ನ್ಯಾಸ್ ಐಫೋನ್ ಆ್ಯಪ್‌ಗೆ ಸಿಗುತ್ತಿಲ್ಲ, ಯಾಕೆ?
– ಓದುಗರು, ಪುಣೆ

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಲೋಕಲ್ ನೆಟ್‌ವರ್ಕ್ ತೆರೆದು ಆ ಆ್ಯಪ್ ಮುಂದಿನ ಸ್ವಿಚ್ ಆನ್ ಮಾಡಿ. ಐಒಎಸ್ 14ರಿಂದ ಈ ಅನುಮತಿ ಬೇಕೇಬೇಕು. ಮೊದಲ ಸಲ ಕೇಳಿದಾಗ ಬೇಡ ಅಂದಿದ್ದರೆ ಆ್ಯಪ್‌ಗೆ ನ್ಯಾಸ್ ಸಿಗುವುದೇ ಇಲ್ಲ. ಅದು ಆನ್ ಇದ್ದೂ ಸಿಗದಿದ್ದರೆ ಫೋನ್‌ನಲ್ಲಿ ವಿಪಿಎನ್ ಓಡುತ್ತಿದೆಯಾ ನೋಡಿ, ಆಫ್ ಮಾಡಿ ಇನ್ನೊಮ್ಮೆ ಹುಡುಕಿ.