ಲೆಕ್ಕ ಹಾಕುವವರು ಯಾರು?

ಪ್ರಿಯ ಓದುಗರೇ,

'ಗಂಡಸು ಕಣ್ಣಿನಿಂದ ಪ್ರೀತಿಸುತ್ತಾನೆ, ಹೆಂಗಸು ಲೆಕ್ಕ ಹಾಕಿ ಪ್ರೀತಿಸುತ್ತಾಳೆ. ಇದು ಹುಟ್ಟುಗುಣ' ಎಂದು ಬರೆದಿದ್ದೀರಿ. ನೀವು ಮೆಚ್ಚಿದ ಗೆಳತಿ 'ಯೋಚಿಸೋಕೆ ಸಮಯ ಬೇಕು' ಎಂದದ್ದೇ ಅದಕ್ಕೆ ಸಾಕ್ಷಿ ಅಂತಲೂ ಸೇರಿಸಿದ್ದೀರಿ.

ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬಸ್ 37 ಸಂಸ್ಕೃತಿಗಳ ಜನರನ್ನು ಸಂಗಾತಿಯಲ್ಲಿ ಏನು ಬೇಕೆಂದು ಕೇಳಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರು ಚೆಲುವಿಗೆ, ಹೆಂಗಸರು ಸಂಪಾದನೆಗೆ ಜಾಸ್ತಿ ಬೆಲೆ ಕೊಟ್ಟಿದ್ದರು. ಆದರೆ ಇಬ್ಬರ ಪಟ್ಟಿಯಲ್ಲೂ ಇವೆರಡಕ್ಕಿಂತ ಮೇಲಿದ್ದದ್ದು ಒಳ್ಳೆಯ ಮನಸ್ಸು ಮತ್ತು ಬುದ್ಧಿ. ಈ ಭಾಗವನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಜಗಳಕ್ಕೆ ಉಪಯೋಗವಾಗಲ್ಲ ನೋಡಿ.

ಹುಟ್ಟುಗುಣ ಅನ್ನುವುದನ್ನು ಮಾತ್ರ ಒಪ್ಪಲಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಕೆಫಾರ್ಟ್ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಪ್ರಶ್ನೆ ಹಾಕಿದ್ದರು. ಬೇಕಾದ ಗುಣವೆಲ್ಲ ಇದೆ, ಪ್ರೀತಿ ಮಾತ್ರ ಹುಟ್ಟಿಲ್ಲ, ಅಂಥವರನ್ನು ಮದುವೆಯಾಗುತ್ತೀರಾ? 1967ರಲ್ಲಿ ಬಂದ ಅವರ ವರದಿಯ ಪ್ರಕಾರ ಹುಡುಗರಲ್ಲಿ ಸುಮಾರು ಶೇ. 65 ಮಂದಿ 'ಇಲ್ಲ' ಎಂದಿದ್ದರು. ಹುಡುಗಿಯರಲ್ಲಿ ಹಾಗೆ ಹೇಳಿದವರು ಸುಮಾರು ಶೇ. 24 ಮಾತ್ರ. ಇಲ್ಲಿಗೆ ನಿಲ್ಲಿಸಿದರೆ ನೀವು ಗೆದ್ದಿರಿ. ಆದರೆ 1980ರ ದಶಕದಲ್ಲಿ ಬೇರೆ ಸಂಶೋಧಕರು ಅದೇ ಪ್ರಶ್ನೆ ಕೇಳಿದಾಗ ಹುಡುಗರಲ್ಲೂ ಹುಡುಗಿಯರಲ್ಲೂ ಶೇ. 80ಕ್ಕಿಂತ ಹೆಚ್ಚು ಮಂದಿ 'ಇಲ್ಲ' ಎಂದರು. ಇಷ್ಟು ಬೇಗ ಹುಟ್ಟುಗುಣ ಬದಲಾಗುತ್ತದೆಯೇ? ಬದಲಾದದ್ದು ಬದುಕು. ಸ್ವಂತ ಸಂಬಳ ಬರತೊಡಗಿದ ಮೇಲೆ ಹೆಣ್ಣುಮಕ್ಕಳಿಗೂ ಪ್ರೀತಿಗಾಗಿ ಕಾಯುವ ಧೈರ್ಯ ಬಂತು ಅಂತ ನನ್ನ ಅನಿಸಿಕೆ.

ಹೆಂಗಸರು ಹೆಚ್ಚು ಆರಿಸಿ ನೋಡುತ್ತಾರೆ ಅನ್ನುವ ಮಾತನ್ನೂ ಕೆಲವರು ಪರೀಕ್ಷಿಸಿದ್ದಾರೆ. ಸ್ಪೀಡ್ ಡೇಟಿಂಗ್‌ನಲ್ಲಿ, ಅಂದರೆ ಅಪರಿಚಿತರು ಒಬ್ಬರಾದ ಮೇಲೆ ಒಬ್ಬರಂತೆ ಕೆಲವೇ ನಿಮಿಷ ಮಾತಾಡಿ ಯಾರು ಇಷ್ಟವಾದರು ಎಂದು ಹೇಳುವ ಕೂಟದಲ್ಲಿ, ಸಾಮಾನ್ಯವಾಗಿ ಹೆಂಗಸರು ಕೂತಿರುತ್ತಾರೆ, ಗಂಡಸರು ಒಬ್ಬೊಬ್ಬರ ಬಳಿಗೂ ಎದ್ದು ಹೋಗುತ್ತಾರೆ. ಮನಶ್ಶಾಸ್ತ್ರಜ್ಞರಾದ ಎಲಿ ಫಿಂಕೆಲ್ ಮತ್ತು ಪಾಲ್ ಈಸ್ಟ್‌ವಿಕ್ ಕೆಲವು ಕೂಟಗಳಲ್ಲಿ ಇದನ್ನು ಉಲ್ಟಾ ಮಾಡಿದರು. ಹೆಂಗಸರೇ ಎದ್ದು ಹೋದಾಗ ಆ ವ್ಯತ್ಯಾಸ ಕಾಣಲಿಲ್ಲ. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅಂದರೆ, ಯಾರು ಯಾರ ಬಳಿಗೆ ಹೋದರು ಅನ್ನುವುದಕ್ಕೂ ಇದರಲ್ಲಿ ಪಾಲಿದೆ.

ನಿಮ್ಮ ವಿಷಯದಲ್ಲೂ ಹೋದವರು ನೀವು ತಾನೇ? ತಿಂಗಳುಗಟ್ಟಲೆ ಮನಸ್ಸಿನಲ್ಲೇ ಎಲ್ಲ ಯೋಚಿಸಿ, ಧೈರ್ಯ ಮಾಡಿ ಹೇಳಿದಿರಿ. ಅವರಿಗೆ ವಿಷಯ ಗೊತ್ತಾಗಿದ್ದೇ ಆ ಹೊತ್ತಿನಲ್ಲಿ. ನೀವು ಸದ್ದಿಲ್ಲದೆ ತೆಗೆದುಕೊಂಡ ಸಮಯವನ್ನು ಅವರು ಬಾಯಿಬಿಟ್ಟು ಕೇಳಿದ್ದಾರೆ, ಅಷ್ಟೇ. ಕೊಡಿ. ಮಧ್ಯೆ ಮಧ್ಯೆ ಮೆಸೇಜ್ ಹಾಕಿ ನೆನಪಿಸಬೇಡಿ. ಬೇಡ ಎಂದರೆ ಅದನ್ನು ಅವರೊಬ್ಬರ ಉತ್ತರ ಅಂದುಕೊಳ್ಳಿ, ಇಡೀ ಹೆಣ್ಣುಕುಲದ ಮೇಲೆ ನಮಗೆ ಇನ್ನೊಂದು ಪತ್ರ ಬರೆಯಬೇಡಿ!

– ಸಂ.