ಗಾಡಿಯವರು ಎಲ್ಲವನ್ನೂ ಒಟ್ಟಿಗೆ ಸುರಿದರೆ ಮನೆಯಲ್ಲಿ ಕಸ ಬೇರ್ಪಡಿಸಿ ಏನು ಪ್ರಯೋಜನ?

ನೀವು ಕೇಳಿರುವುದು ಇಷ್ಟು: ಮೂರು ತಿಂಗಳಿಂದ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತಿದ್ದೀರಿ, ಗಾಡಿಯವರು ಕಣ್ಣೆದುರೇ ಎರಡನ್ನೂ ಒಂದೇ ಕಡೆ ಸುರಿಯುತ್ತಾರೆ, ಹಾಗಿದ್ದರೆ ಈ ಉಸಾಬರಿ ಯಾಕೆ? ಆರು ವರ್ಷದ ಹಿಂದೆ ಇದೇ ಸಿಟ್ಟಿನಲ್ಲಿ ನಾನೂ ಎರಡು ವಾರ ಬೇರ್ಪಡಿಸುವುದನ್ನೇ ನಿಲ್ಲಿಸಿದ್ದೆ. ಹಾಗಾಗಿ ನಿಮಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆಮೇಲೆ ಏನು ಮಾಡಿದೆವು ಎಂಬುದನ್ನು ಮಾತ್ರ ಹೇಳುತ್ತೇನೆ.

ಹಸಿ ಕಸವನ್ನು ಗಾಡಿಗೆ ಕೊಡುವುದನ್ನೇ ಬಿಟ್ಟುಬಿಡಿ. ಉತ್ತರ ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ನಮ್ಮದು ಮಂಗಳೂರು. ಕಸ ಎಂದರೆ ಇಲ್ಲಿನವರಿಗೆ ಪಚ್ಚನಾಡಿ ನೆನಪಾಗುತ್ತದೆ. 2019ರ ಆಗಸ್ಟಿನಲ್ಲಿ ಮಳೆಯ ರಭಸಕ್ಕೆ ಅಲ್ಲಿನ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಎಂಬ ಊರಿಗೆ ಇಳಿಯಿತು. ಅಡಿಕೆ ಮರ, ತೆಂಗಿನ ಮರ, ಅಂಗಳ ಎಲ್ಲ ಕಸದಡಿ ಹೋದವು, ಜನ ಮನೆ ಬಿಟ್ಟು ಹೊರಟರು. ಗುಡ್ಡ ಕುಸಿಯುವುದು ನಮಗೆ ಹೊಸದಲ್ಲ. ಕಸ ಕುಸಿದು ತೋಟ ಮುಚ್ಚಿದ್ದನ್ನು ಮಾತ್ರ ನಾನು ಕೇಳಿದ್ದು ಅದೇ ಮೊದಲು. ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಹಳಸಿದ ಅನ್ನ, ಹಣ್ಣಿನ ಸಿಪ್ಪೆ, ಮೀನಿನ ತಲೆಯನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿ ಗುಡ್ಡ ಮಾಡಿದರೆ ಅದು ನಿಲ್ಲುವುದಾದರೂ ಹೇಗೆ?

ಆ ಸುದ್ದಿ ಓದಿದ ವಾರ ಮನೆಯ ಕಸವನ್ನು ತೂಗಿ ನೋಡಿದೆ. ಗುಜರಿಯವರು ಬಳಸುವಂಥ ಕೊಕ್ಕೆಯ ತಕ್ಕಡಿ ಅತ್ತೆಯ ಪೆಟ್ಟಿಗೆಯಲ್ಲಿತ್ತು. ನಾಲ್ಕು ಜನರ ಮನೆ, ಏಳು ದಿನ: ಹಸಿ ಕಸ ಒಂಬತ್ತು ಕಿಲೋ, ಒಣ ಕಸ ಒಂದೂವರೆ ಕಿಲೋ, ಯಾವುದಕ್ಕೂ ಸೇರದ ಪ್ಯಾಡು, ಬ್ಯಾಂಡೇಜು, ಗುಡಿಸಿದ ಧೂಳು ಎಲ್ಲ ಸೇರಿ ಅರ್ಧ ಕಿಲೋ. ನಮ್ಮ ದೇಶದ ಊರುಗಳ ಕಸದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ ಎಂದು ಓದಿದ್ದೆ. ನಮ್ಮ ಮನೆ ಅದನ್ನೂ ಮೀರಿಸಿತ್ತು. ಆ ಒಂಬತ್ತು ಕಿಲೋ ಗೇಟು ದಾಟದಿದ್ದರೆ ಉಳಿದ ಎರಡು ಕಿಲೋವನ್ನು ಯಾರು ಎಲ್ಲಿ ಸುರಿದರೂ ನಮ್ಮ ಕಸದಿಂದಾಗಿ ಏನೂ ಕೊಳೆಯುವುದಿಲ್ಲ.

ಗಾಡಿಯವರು ಯಾಕೆ ಒಟ್ಟಿಗೆ ಸುರಿಯುತ್ತಾರೆ ಎಂದು ಅವರನ್ನೇ ಕೇಳಿದೆ. ಬೀದಿಯ ಹನ್ನೊಂದು ಮನೆಗಳಲ್ಲಿ ಎಂಟು ಮನೆಯವರು ಕೊಡುವುದೇ ಬೆರಸಿದ ಕಸ. ಮೂರು ಮನೆಯ ಒಣ ಕಸವನ್ನು ಬೇರೆ ಇಡಲು ಜಾಗವಿಲ್ಲ, ಹತ್ತು ಗಂಟೆಯೊಳಗೆ ಮುಗಿಸಬೇಕಾದ ಬೀದಿಗಳು ಇನ್ನೂ ಹದಿನಾಲ್ಕಿವೆ. ಘನತ್ಯಾಜ್ಯ ನಿಯಮದ ಪ್ರಕಾರ ಬೇರ್ಪಡಿಸಿ ಕೊಡುವುದು ನಮ್ಮ ಹೊಣೆ, ಬೇರ್ಪಡಿಸಿದ್ದನ್ನು ಬೇರೆಯಾಗಿಯೇ ಸಾಗಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಆದ್ದರಿಂದ ದೂರು ಕೊಡುವ ಹಕ್ಕು ನಿಮಗಿದೆ, ಕೊಡಿ. ನಾವು ಫೋಟೊ ಸಹಿತ ಮೂರು ಸಲ ಬರೆದೆವು. ಒಂದು ಸಲ ಒಂದು ವಾರ ಎಲ್ಲವೂ ಸರಿಯಾಗಿ ನಡೆಯಿತು.

ನಿಜವಾಗಿ ಕೆಲಸ ಮಾಡಿದ್ದು ಬೇರೆಯೇ. ಒಂದು ದಿನ ಹಳೆಯ ಬಾಟಲಿಗಳನ್ನು ಕೊಡಲು ಒಣ ಕಸ ಆಯುವ ಜಾಗಕ್ಕೆ ಹೋಗಿದ್ದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ನಾನು ಹೆಸರು ಹೇಳಿದ ಕೂಡಲೇ ನಕ್ಕು, “ನಿಮ್ಮ ಮನೆ ನನಗೆ ಗೊತ್ತು ಅಕ್ಕ, ಕೊರಿಯರ್ ಡಬ್ಬಿಯ ಚೀಟಿಯಲ್ಲಿ ಓದಿದ್ದೇನೆ. ನೀವು ಸಿಗಡಿ ತುಂಬಾ ತಿನ್ನುತ್ತೀರಿ” ಎಂದರು. ಮುನಿಸಿಕೊಂಡ ಆ ಎರಡು ವಾರಗಳಲ್ಲಿ ನಾನು ಸಿಗಡಿ ಸಿಪ್ಪೆಯನ್ನು ರಟ್ಟಿನ ಡಬ್ಬಿಗೇ ತುರುಕಿ ಕಳಿಸಿದ್ದೆ. ಆ ಡಬ್ಬಿ ಅವರ ಕೈಗೆ ಬಂದಿತ್ತು. ನಾಚಿಕೆಯಿಂದ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿ ಹೇಳಿದರು: ಒಣಗಿದ, ತೊಳೆದ ವಸ್ತುವನ್ನು ಗಾಡಿಯ ಹುಡುಗರು ಹಸಿ ಕಸಕ್ಕೆ ಹಾಕುವುದಿಲ್ಲ, ಪಕ್ಕದಲ್ಲಿ ಗೋಣಿ ಕಟ್ಟಿಕೊಂಡು ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಅದಕ್ಕೆ ದುಡ್ಡು ಸಿಗುತ್ತದೆ. ನಾವು ಒಣ ಕಸ ಎಂದು ಕೊಡುತ್ತಿದ್ದದ್ದು ಅರ್ಧಂಬರ್ಧ ಒದ್ದೆಯಾದದ್ದು. ಮೊಸರಿನ ಕವರು ಮೊಸರು ಸಹಿತ, ಪಾರ್ಸೆಲ್ ಡಬ್ಬಿ ಸಾರು ಸಹಿತ. ಅದನ್ನು ಬೇರೆ ಇಟ್ಟು ಅವರಿಗೇನು ಲಾಭ?

ಅಂದಿನಿಂದ ಪಾತ್ರೆ ತೊಳೆದ ಕೊನೆಯ ನೀರಿನಲ್ಲೇ ಹಾಲಿನ ಕವರನ್ನು ಅಲುಗಿಸಿ ಬಟ್ಟೆಯ ಹಗ್ಗಕ್ಕೆ ಸಿಕ್ಕಿಸುತ್ತೇವೆ. (ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಚೂರನ್ನು ಯಾರೂ ಹೆಕ್ಕಲಾರರು, ನೇರ ಚರಂಡಿಗೆ ಹೋಗುತ್ತದೆ.) ರದ್ದಿ, ರಟ್ಟು, ಬಾಟಲಿ, ಡಬ್ಬಿಗಳನ್ನು ಗುಜರಿಯವರು ಕೊಳ್ಳುತ್ತಾರೆ. ಚಿಪ್ಸ್ ಪೊಟ್ಟಣದಂಥ ಹೊಳೆಯುವ ಕವರುಗಳು ಯಾರಿಗೂ ಬೇಡ, ಹಲವು ಪದರ ಅಂಟಿಸಿ ಮಾಡಿದ್ದಾದ್ದರಿಂದ ಬಿಡಿಸಿ ಕರಗಿಸಲು ಬರುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನ. ಬಟ್ಟೆಯಂತೆಯೇ ಕಾಣುವ, ಸೀರೆ ಅಂಗಡಿಯಲ್ಲಿ ಕೊಡುವ ಬಣ್ಣದ ಚೀಲವೂ ಪ್ಲಾಸ್ಟಿಕ್ಕೇ. ಬೆಂಕಿಕಡ್ಡಿ ಹಿಡಿದರೆ ಬಟ್ಟೆಯಂತೆ ಉರಿಯುವುದಿಲ್ಲ, ಕರಗಿ ಮುದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಅಂಥವು ಮೂವತ್ತೆರಡಿದ್ದವು, ಒಂದರೊಳಗೆ ಒಂದು.

ಈಗ ಗೊಬ್ಬರದ ವಿಷಯ. ಇದರಲ್ಲಿ ನಾನು ಚೆನ್ನಾಗಿ ಸೋತಿದ್ದೇನೆ, ಆದ್ದರಿಂದ ವಿವರವಾಗಿ ಹೇಳಬಲ್ಲೆ. ಮುಚ್ಚಳವಿರುವ ಎರಡು ಹಳೆಯ ಡ್ರಮ್ಮು, ಕಾಯಿಸಿದ ಕಬ್ಬಿಣದ ಸರಳಿನಿಂದ ಸುತ್ತಲೂ ತೂತು, ಅಡಿಗೆ ಇಟ್ಟಿಗೆ. ತಳಕ್ಕೆ ತರಗೆಲೆ, ಮೇಲೆ ದಿನದ ಕಸ, ಮತ್ತೆ ಅದನ್ನು ಮುಚ್ಚುವಷ್ಟು ತರಗೆಲೆ. ಮೊದಲ ಸಲ ಒಂದಿಷ್ಟು ಹುಳಿ ಮಜ್ಜಿಗೆ. ಎಪ್ರಿಲ್, ಮೇ ತಿಂಗಳಲ್ಲಿ ಎಲ್ಲ ಸುಸೂತ್ರ. ಜುಲೈ ಹೊತ್ತಿಗೆ ತರಗೆಲೆ ಮುಗಿಯಿತು. ಪರವಾಗಿಲ್ಲ ಎಂದು ಬರೀ ಕಸವನ್ನೇ ಹಾಕುತ್ತಾ ಹೋದೆ, ಮುಚ್ಚಳದ ಅಂಚಿನಿಂದ ಮಳೆ ನೀರೂ ಇಳಿಯಿತು. ಪಕ್ಕದ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದ, “ನಿಮ್ಮಲ್ಲಿ ಏನಾದರೂ ಸತ್ತಿದೆಯೇ?” ಎಂದು ಕೇಳಿದರು. ರಾತ್ರಿ ಮಳೆಯಲ್ಲೇ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹೂತೆವು. ಗಂಡ ಇಂದಿಗೂ ಅದನ್ನು ಶವಸಂಸ್ಕಾರ ಎನ್ನುತ್ತಾರೆ.

ನಾತ ಬಂದರೆ ಒದ್ದೆ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿ ಕೆದಕಿ. ಇರುವೆ ಬಂದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಬಿಳಿಯ ದಪ್ಪ ಹುಳ ಕಂಡು ಹೌಹಾರಬೇಡಿ, ಅವು ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಬೇಸಿಗೆಯಲ್ಲಿ ಎರಡು ತಿಂಗಳಿಗೆ ಗೊಬ್ಬರವಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು ಕಾಲ ಬೇಕು. ತೆಂಗಿನ ಗೆರಟೆ, ಎಳನೀರಿನ ಬೊಂಡದ ಸಿಪ್ಪೆ ಡ್ರಮ್ಮಿಗೆ ಬೇಡ. ಮೀನನ್ನು ಮಾರುಕಟ್ಟೆಯಲ್ಲೇ ಶುಚಿ ಮಾಡಿಸಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ತರುತ್ತೇನೆ. ಹೀಗೆ ಕವರೂ ಉಳಿಯಿತು, ಬೆಕ್ಕುಗಳ ಸಭೆಯೂ ನಿಂತಿತು. ನೀವು ಮೂರನೆಯ ಮಹಡಿಯಲ್ಲಿದ್ದರೆ ತೂತು ಮಾಡಿದ ಮಣ್ಣಿನ ಮಡಕೆ ಸಾಕು, ತರಗೆಲೆಯ ಬದಲು ಅಂಗಡಿಯಲ್ಲಿ ಸಿಗುವ ತೆಂಗಿನ ನಾರಿನ ಪುಡಿ ಬಳಸಿ. ದೊಡ್ಡ ವಸತಿ ಸಮುಚ್ಚಯವಾದರೆ ಹಸಿ ಕಸವನ್ನು ಸಾಧ್ಯವಾದಷ್ಟೂ ಆವರಣದಲ್ಲೇ ಸಂಸ್ಕರಿಸಬೇಕೆಂದು ಘನತ್ಯಾಜ್ಯ ನಿಯಮವೇ ಹೇಳುತ್ತದೆ. ಸಭೆಯಲ್ಲಿ ಇದನ್ನು ಎತ್ತಿ, ವಾದಕ್ಕೆ ಬಲ ಬರುತ್ತದೆ.

ಹಳ್ಳಿಗಳಲ್ಲಿ ಇದೆಲ್ಲ ಆಗದು ಎನ್ನುವವರಿಗೆ ನಾನು ಉಡುಪಿ ಜಿಲ್ಲೆಯ ವಂಡ್ಸೆಯನ್ನು ತೋರಿಸುತ್ತೇನೆ. ಅಲ್ಲಿ ಗ್ರಾಮ ಪಂಚಾಯತೇ ಘಟಕ ನಡೆಸಿ, ಬಂದ ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುವ ವ್ಯವಸ್ಥೆ ಮಾಡಿತು.

ನಮ್ಮ ಬೀದಿಯಲ್ಲಿ ಈಗ ಏಳು ಮನೆಗಳಲ್ಲಿ ಡ್ರಮ್ಮಿದೆ. ಸತ್ತಿದ್ದೇನು ಎಂದು ಕೇಳಿದ ಅಕ್ಕನದೇ ಎಲ್ಲಕ್ಕಿಂತ ಚೆನ್ನಾಗಿದೆ, ಅವರ ತವರಿನಲ್ಲಿ ಹಟ್ಟಿಗೊಬ್ಬರ ಮಾಡಿ ಅಭ್ಯಾಸ. ಎರಡು ಮನೆಯವರು ಇನ್ನೂ ಬೆರಸಿಯೇ ಕೊಡುತ್ತಾರೆ, ಇನ್ನೆರಡು ಮನೆಯವರು ಸಂಜೆ ಬೆಂಕಿ ಹಾಕುತ್ತಾರೆ. ಅವರೊಂದಿಗೆ ಜಗಳವಾಡುವುದನ್ನು ಬಿಟ್ಟಿದ್ದೇನೆ. ಶುಕ್ರವಾರ ನಮ್ಮ ಗೋಣಿಗಳನ್ನು ಗಾಡಿಯ ಹುಡುಗರು ಹಿಂದಿನ ಕೊಕ್ಕೆಗೆ ತೂಗುಹಾಕುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ನೀವು ಶುರು ಮಾಡುವುದಾದರೆ ಡ್ರಮ್ಮು ಕೊಳ್ಳುವ ಮೊದಲು ತರಗೆಲೆ ಕೂಡಿಸಿ. ಮಳೆ ಹಿಡಿದ ಮೇಲೆ ಊರೆಲ್ಲ ಹುಡುಕಿದರೂ ಒಣ ಎಲೆ ಸಿಗುವುದಿಲ್ಲ. ನಾಲ್ಕು ಜನರ ಮನೆಗೆ ದೊಡ್ಡ ಅಕ್ಕಿ ಗೋಣಿಯಲ್ಲಿ ಒತ್ತಿ ತುಂಬಿದ ಆರು ಗೋಣಿ ಬೇಕು, ಸೆಪ್ಟೆಂಬರ್ ತನಕ ಬರುತ್ತದೆ. ಹಲಸಿನ ಎಲೆಯಾದರೆ ಕೈಯಲ್ಲಿ ಪುಡಿ ಮಾಡಿ ಹಾಕಿ, ಹಾಗೆಯೇ ಹಾಕಿದರೆ ಒಂದಕ್ಕೊಂದು ಅಂಟಿಕೊಂಡು ಗಾಳಿಯಾಡುವುದಿಲ್ಲ.