"ಕಂಪೈಲರ್ ಬೈಯುತ್ತೆ ಮೇಡಂ"

ಮೂಡಿಗೆರೆ ಕಡೆಯ ಹುಡುಗ. ಚಿಕ್ಕಮಗಳೂರಲ್ಲಿ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಸುಮಂತ್ ಅನ್ನೋಣ. ನಿದ್ದೆ ಬರಲ್ಲ, ಲ್ಯಾಬ್ ಇರುವ ದಿನ ಹೊಟ್ಟೆ ತೊಳಸುತ್ತೆ ಎಂದು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದ. ಮನೆಯಲ್ಲಿ ತೊಂದರೆ ಇಲ್ಲ. ಅರ್ಧ ಗಂಟೆ ಆದ ಮೇಲೆ ಬ್ಯಾಗಿನಿಂದ ನಾಲ್ಕು ಹಾಳೆ ತೆಗೆದ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತೋರಿಸಿದ ಎರರ್‌ಗಳ ಪ್ರಿಂಟ್.

"ಒಂದು ಸಾಲು ಬರೆದಿದ್ದಕ್ಕೆ ಇಷ್ಟು ಬೈತು ಮೇಡಂ. ನನ್ನ ತಲೆಗೆ ಇದು ಹತ್ತಲ್ಲ."

ಈ ಕೆಲಸಕ್ಕೆ ಬರುವ ಮೊದಲು ನಾನೂ ಕೆಲವು ವರ್ಷ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆದವಳು. ಹಾಳೆ ನೋಡಿ ನಗು ಬಂತು, ತಡೆದುಕೊಂಡೆ.

ಅವನು ಲಿಸ್ಟನ್ನು (ಒಂದಕ್ಕೊಂದು ಕೊಂಡಿ ಹಾಕಿದ ಡೇಟಾದ ಸಾಲು) ಸಾರ್ಟ್‌ಗೆ, ಅಂದರೆ ಕ್ರಮವಾಗಿ ಜೋಡಿಸಿಕೊಡುವ ಲೈಬ್ರರಿ ಫಂಕ್ಷನ್ನಿಗೆ ಕೊಟ್ಟಿದ್ದ. ಸಾರ್ಟ್ ಒಂದು ಟೆಂಪ್ಲೇಟ್, ಕೊಟ್ಟ ಡೇಟಾದ ಬಗೆಗೆ ತಕ್ಕ ಹಾಗೆ ಕೋಡ್ ತಯಾರಿಸುವ ಅಚ್ಚು. ಬಾಗಿಲಲ್ಲಿ ಏನೂ ಕೇಳದೆ ಒಳಗೆ ಬಿಡುತ್ತೆ. ಒಳಗೆ ಹೋದ ಮೇಲೆ ಒಂದು ಇಟರೇಟರ್‌ನಿಂದ (ಡೇಟಾದಲ್ಲಿ ಒಂದು ಜಾಗ ತೋರಿಸುವ ಬೆರಳಿನ ಹಾಗೆ) ಇನ್ನೊಂದನ್ನು ಕಳೆದು ದೂರ ಲೆಕ್ಕ ಹಾಕಬೇಕು. ಲಿಸ್ಟಿನ ಇಟರೇಟರ್‌ಗೆ ಮೈನಸ್ಸೇ ಇಲ್ಲ. ಹಾಗಾಗಿ ಎರರ್ ಕಾಣಿಸಿದ್ದು ಅವನು ಯಾವತ್ತೂ ತೆರೆದು ನೋಡಿರದ ಲೈಬ್ರರಿ ಫೈಲಿನಲ್ಲಿ. ಉಳಿದ ಮೂರು ಹಾಳೆ ಪೂರ್ತಿ, ಈ ಮೈನಸ್ ಆಗುತ್ತಾ ಆ ಮೈನಸ್ ಆಗುತ್ತಾ ಅಂತ ಕಂಪೈಲರ್ ಹುಡುಕಾಡಿದ ಪಟ್ಟಿ.

"ಇದು ನಿನ್ನ ಬೈದಿದ್ದಲ್ಲಪ್ಪ" ಎಂದು ಹಳದಿ ಪೆನ್ ಕೊಟ್ಟೆ. "ನಿನ್ನ ಫೈಲಿನ ಹೆಸರು ಎಲ್ಲಿದೆ, ಹುಡುಕು."

ಸಿಕ್ಕಿತು. ಸಾಲು 23, ಪಕ್ಕದಲ್ಲಿ 'ರಿಕ್ವೈರ್ಡ್ ಫ್ರಮ್ ಹಿಯರ್', ಅಂದರೆ ಇದೆಲ್ಲ ಶುರುವಾಗಿದ್ದು ಇಲ್ಲಿಂದ. ಅದರ ಕೆಳಗೆ ಮೊದಲ 'ಎರರ್'. ಎರಡಕ್ಕೂ ಗೆರೆ ಎಳೆಸಿದೆ. ಆ ಹುಡುಕಾಟದ ಪಟ್ಟಿಯಲ್ಲಿ 'ಕ್ಯಾಂಡಿಡೇಟ್' ಎಂದಿರುವುದನ್ನೆಲ್ಲ ಸದ್ಯಕ್ಕೆ ಬಿಟ್ಟುಬಿಡು ಎಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು ಅವನೇ ಹೇಳಿದ: "ಅಪ್ಪ ಕಾಫಿ ತಗೊಂಡು ಹೋದ್ರೆ ಸಿಪ್ಪೆ ಬಿಡಿಸೋ ಕ್ಯೂರಿಂಗ್‌ನಲ್ಲಿ ಮೊದಲೇ ಮಾಯಿಶ್ಚರ್ ನೋಡ್ತಾರೆ. ಹಸಿ ಇದ್ರೆ ಮಿಷನ್‌ಗೆ ಹಾಕಲ್ಲ. ಇಲ್ಲೂ ಹಾಗೆ ಮಾಡಬಾರದಾ?"

ಮಾಡಿದ್ದಾರೆ, ತಡವಾಗಿ. ಸಿ ಪ್ಲಸ್ ಪ್ಲಸ್‌ನ 2020ರ ಆವೃತ್ತಿಯಲ್ಲಿ ಬಂದ ಕಾನ್ಸೆಪ್ಟ್ ಅದೇ ಕೆಲಸ ಮಾಡುತ್ತೆ, ಕೊಟ್ಟದ್ದು ಸರಿ ಇದೆಯಾ ಅಂತ ಬಾಗಿಲಲ್ಲೇ ನೋಡುತ್ತೆ. ಅದೇ ಆವೃತ್ತಿಯ ರೇಂಜಸ್ ಎಂಬ ಲೈಬ್ರರಿ ಭಾಗದ ಸಾರ್ಟ್‌ಗೆ ಲಿಸ್ಟ್ ಕೊಟ್ಟರೆ ದೂರು ನಿನ್ನ ಸಾಲಿನಲ್ಲೇ ಬರುತ್ತೆ. ಅದೂ ಚಿಕ್ಕದೇನಲ್ಲ. ಆದರೆ ರ‍್ಯಾಂಡಮ್ ಆಕ್ಸೆಸ್ ಇಟರೇಟರ್ (ಬೇಕಾದ ಜಾಗಕ್ಕೆ ನೇರ ಜಿಗಿಯಬಲ್ಲದ್ದು, ವೆಕ್ಟರ್ ಎಂಬ ಡೇಟಾ ಸಾಲಿಗೆ ಇರುವಂಥದ್ದು) ಬೇಕಿತ್ತು ಅಂತ ಕಾರಣ ಕೊಡುತ್ತೆ.

ನಾನು ಕೊಟ್ಟ ಸಲಹೆ ಇಷ್ಟೇ. ರಾತ್ರಿ ಹನ್ನೊಂದರ ಮೇಲೆ ಕಂಪೈಲ್ ಬೇಡ. ಎರರ್ ಬಂದರೆ ಮೊದಲು ಆ ಎರಡು ಗೆರೆ. ಹದಿನೈದು ನಿಮಿಷದಲ್ಲಿ ಗೊತ್ತಾಗದಿದ್ದರೆ ಮೇಷ್ಟ್ರನ್ನು ಕೇಳು, ನಾಚಿಕೆ ಬೇಡ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ನೋಡೋಣ.

ಡಾಕ್ಟರ್ ಬೇಕಾಗಲಿಲ್ಲ. ಎರಡನೇ ಸಲ ಬಂದಾಗ ಲ್ಯಾಪ್‌ಟಾಪ್ ತಂದಿದ್ದ. ಲಿಸ್ಟಿಗೆ ಅದರದ್ದೇ ಸಾರ್ಟ್ ಇದೆ ಅಂತ ತಾನೇ ಕಂಡುಕೊಂಡಿದ್ದ. ಜೂನಿಯರ್‌ಗಳಿಗೆಂದು ಒಂದು ಟೆಂಪ್ಲೇಟ್ ಬರೆದು, ಮೊದಲ ಸಾಲಲ್ಲೇ ಸ್ಟ್ಯಾಟಿಕ್ ಅಸರ್ಟ್ ಹಾಕಿದ್ದ, ಅಂದರೆ ಕಂಪೈಲ್ ಮಾಡುವಾಗಲೇ ಷರತ್ತು ನೋಡಿ, ತಪ್ಪಿದರೆ ನಾವು ಬರೆದ ಮಾತನ್ನೇ ತೋರಿಸುವ ಸಾಲು. ಬೇಕಂತಲೇ ಲಿಸ್ಟ್ ಕೊಟ್ಟು ಕಂಪೈಲ್ ಮಾಡಿ ತೋರಿಸಿದ. ಹಳೆಯ ಪುರಾಣವೆಲ್ಲ ಕೆಳಗೆ ಬಂತು. ಅದಕ್ಕಿಂತ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ಲಿಸ್ಟ್ ಬೇಡ ಮಾರಾಯ, ವೆಕ್ಟರ್ ಕೊಡು."